ಗೋಡೆ ಹತ್ತಿದ ಹಾವು: ತೋಳಹಾವೇ, ಕಟ್ಟುಹಾವೇ?



ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿರುವ ಬ್ಯಾಟರಾಯನಪುರವು 2007ರಲ್ಲಿ ಬೆಂಗಳೂರು ಮಹಾನಗರಕ್ಕೆ ಸೇರಿತು. ಹೊಲಗಳಿದ್ದೆಡೆ ಮನೆಗಳೆದ್ದರೂ ಪಕ್ಕದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಮರಗಿಡಗಳಲ್ಲಿ ಹಾವುಗಳಿಗೆ ನೆಲೆಯಿದೆ. ಅವು ಮನೆಯ ಗೋಡೆ, ಸೂರು ಹತ್ತುವುದು ನಮ್ಮ ಮೇಲಿನ ಹಗೆಯಿಂದಲ್ಲ, ಆಹಾರಕ್ಕಾಗಿ.

ಹತ್ತುವ ಹಾವುಗಳು

ಕೇರೆಹಾವು ಇಲಿಯನ್ನು ಹುಡುಕಿ ಅಟ್ಟ ಸೇರುತ್ತದೆ. ಇದಕ್ಕೆ ವಿಷವಿಲ್ಲ, ಕಣಜ ಕಾಯುವ ಮಿತ್ರ. ಕೊಂಬೇರಿ ಮೂರ್ಖ ಕಚ್ಚಿದ ಮೇಲೆ ಮರವೇರಿ ಚಿತೆಯ ಹೊಗೆ ನೋಡುತ್ತದೆಂಬ ಮಾತುಂಟು. ಅದು ಬರಿಯ ಕಥೆ. ಕಪ್ಪೆ, ಹಲ್ಲಿ ತಿನ್ನುವ ಈ ಹಾವಿಗೂ ವಿಷವಿಲ್ಲ. ಹಸುರು ಹಾವು ಕಣ್ಣು ಕುಕ್ಕುವುದೆಂಬುದೂ ತಪ್ಪು. ಅದರ ವಿಷ ಸೌಮ್ಯ, ಮನುಷ್ಯನ ಪ್ರಾಣ ತೆಗೆಯುವಂಥದಲ್ಲ.

ಮೋಸಹೋಗದಿರಿ

ಹಲ್ಲಿಯ ಬೆನ್ನುಹತ್ತಿ ರಾತ್ರಿ ಗೋಡೆಯೇರುವ ವಿಷವಿಲ್ಲದ ಹಾವು ತೋಳಹಾವು. ಇದನ್ನು ಕಡು ವಿಷದ ಕಟ್ಟುಹಾವೆಂದು ತಿಳಿದು ಕೊಲ್ಲುವವರು ಬಹಳ. ತೋಳಹಾವಿನ ಪಟ್ಟೆಗಳು ಕತ್ತಿನ ಬಳಿ ಸ್ಪಷ್ಟವಾಗಿದ್ದು ಬಾಲದತ್ತ ಮಾಸುತ್ತವೆ. ಕಟ್ಟುಹಾವಿನ ತೆಳು ಬಿಳಿ ಪಟ್ಟೆಗಳು ಸಾಮಾನ್ಯವಾಗಿ ಜೋಡಿಯಾಗಿದ್ದು, ತಲೆಯ ಕಡೆ ಮಸುಕಾಗಿ ಬಾಲದತ್ತ ಸ್ಪಷ್ಟವಾಗುತ್ತವೆ. ಆದರೆ ಕಟ್ಟುಹಾವಿನ ಮರಿಗೆ ಮುಂಭಾಗದಲ್ಲೂ ಪಟ್ಟೆಗಳಿರಬಹುದು. ನಾಗರಹಾವು, ಕಟ್ಟುಹಾವುಗಳೂ ಹತ್ತಬಲ್ಲವು. ಆದ್ದರಿಂದ ಗೋಡೆ ಹತ್ತಿದ್ದೆಲ್ಲ ನಿರ್ವಿಷವೆಂದು ನಂಬಿ ಕೈಯಿಂದ ಹಿಡಿಯಬೇಡಿ. ದೂರ ನಿಂತು, ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಗೆ ಅಥವಾ ನುರಿತ ಹಾವು ಹಿಡಿಯುವವರಿಗೆ ತಿಳಿಸಿರಿ.

ಮುನ್ನೆಚ್ಚರಿಕೆ

1. ಗೋಡೆಗೆ ತಗುಲುವ ಕೊಂಬೆ, ಬಳ್ಳಿಗಳನ್ನು ಕಡಿಯಿರಿ.
2. ಬಾಗಿಲ ಸಂದು, ಬಚ್ಚಲ ತೂಬುಗಳಿಗೆ ಜಾಲರಿ ಹಾಕಿರಿ.
3. ಸೌದೆ, ಹುಲ್ಲು, ಕಾಳಿನ ಚೀಲಗಳನ್ನು ಮಲಗುವ ಕೋಣೆಯಿಂದ ದೂರವಿಡಿ.
4. ನೆಲದ ಮೇಲೆ ಮಲಗದೆ, ಮಂಚದ ಮೇಲೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿರಿ.

ಕಚ್ಚಿದರೆ

ಕಟ್ಟುಹಾವು ನಿದ್ದೆಯಲ್ಲಿದ್ದವರನ್ನು ಕಚ್ಚಿದರೆ ನೋವು, ಊತ ಅಷ್ಟಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವಿಕೆ, ಉಸಿರಿನ ತೊಂದರೆ ಕಂಡರೆ ತಡಮಾಡಬಾರದು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗ ಅಲುಗದಂತೆ ಇರಿಸಿ, ಪ್ರತಿವಿಷವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಹಾವನ್ನು ಹಿಡಿದು ತರಬೇಕಾಗಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿದೆ.

ಹಾವು ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ತಮಗೆ ತಿಳಿದದ್ದೇ. ಈ ಮಾತಿನಲ್ಲಿ ಕೋಲನ್ನೂ ಎತ್ತದಿರುವುದೇ ಲೇಸು.