ಬೀದಿಯ ಕಾಫಿ ಅಂಗಡಿ

ಮನೆಯಲ್ಲಿ ಕಾಫಿಗೆ ಕೊರತೆಯಿಲ್ಲದಿರುವಾಗ ಕಾಸು ಕೊಟ್ಟು ಬೀದಿಯಲ್ಲಿ ಕುಡಿಯುವುದೇಕೆಂದು ಗೃಹಿಣಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಮನೆಯ ಕಾಫಿಯ ರುಚಿ ಅಂಗಡಿಯ ಕಾಫಿಗೆ ಯಾವಾಗಲೂ ಬಾರದು. ಆದರೆ ಮನುಷ್ಯನು ಅಂಗಡಿಗೆ ಹೋಗುವುದು ಪಾನೀಯಕ್ಕಾಗಿ ಮಾತ್ರವಲ್ಲ. ಮನೆಯಲ್ಲಿ ದೊರೆಯದ ಸಹವಾಸವೊಂದು ಅಲ್ಲಿ ದೊರೆಯುವುದು. ಅದರ ಬೆಲೆಯೇನೆಂಬುದನ್ನು ಇಲ್ಲಿ ಕೊಂಚ ವಿಚಾರ ಮಾಡೋಣ.

ಶಿಡ್ಲಘಟ್ಟವು ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಗೆ ಪ್ರಸಿದ್ಧವಾದ ಊರು. ಬಿಡಿಸಿದ ಗೂಡನ್ನು ಬಹುದಿನ ಇಟ್ಟುಕೊಂಡರೆ ಒಳಗಿನ ಹುಳು ಪತಂಗವಾಗಿ ಗೂಡನ್ನು ಭೇದಿಸಿ ಹೊರಬರುವುದು, ಎಳೆ ಕೆಟ್ಟುಹೋಗುವುದು. ಆದುದರಿಂದ ರೈತನು ತಡಮಾಡದೆ ಮಾರುಕಟ್ಟೆಗೆ ಬರಲೇಬೇಕು. ಹೊತ್ತಿಗೆ ಮುಂಚೆ ಊರು ಬಿಟ್ಟು ಬಂದವನಿಗೆ ಮೊದಲು ಬೇಕಾದುದು ಒಂದು ಲೋಟ ಬಿಸಿ ಟೀ. ಗೂಡನ್ನು ಕೊಳ್ಳುವ ಬಿಚ್ಚಾಣಿಕೆದಾರರಲ್ಲಿ ಮುಸಲ್ಮಾನರು ಬಹುಮಂದಿ; ಮಾರುವ ರೈತರಲ್ಲಿ ನಾನಾ ಜಾತಿಯವರು. ಬೆಲೆಯ ವಿಷಯದಲ್ಲಿ ಎದುರಾಳಿಗಳಾಗಿ ನಿಲ್ಲುವ ಇವರು ಟೀ ಅಂಗಡಿಯ ಬೆಂಚಿನ ಮೇಲೆ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವರು.

ಚಿಂತಾಮಣಿಯ ಅಂಗಡಿಗಳಲ್ಲಿ ಟೊಮೆಟೊ, ಹುಣಸೆಹಣ್ಣುಗಳ ಧಾರಣೆಯ ಮಾತು ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಗಿಯುವುದು. ಕೈವಾರದ ತಾತಯ್ಯನವರು ಎರಡು ಭಾಷೆಗಳಲ್ಲಿಯೂ ಹಾಡಿದ ಸೀಮೆಯಲ್ಲವೆ? ಚಿಕ್ಕಬಳ್ಳಾಪುರವು 2007ರಲ್ಲಿ ಜಿಲ್ಲೆಯ ಮುಖ್ಯಪಟ್ಟಣವಾದ ಮೇಲೆ ಕಚೇರಿಗೆ ಅಲೆಯುವವರು, ಹೂವು ದ್ರಾಕ್ಷಿ ತಂದವರು, ಎಲ್ಲರೂ ಅಂಗಡಿಯಲ್ಲಿ ಸೇರುವರು. ಕೈಯಲ್ಲಿ ಕಾಸು ಕಡಮೆಯಾದರೆ ಇಬ್ಬರು ಸೇರಿ 'ಬೈಟು' ಹೇಳುವರು. ಒಂದು ಕಾಫಿ ಎರಡು ಲೋಟಗಳಲ್ಲಿ ಬರುವುದು.

ಈ ಸಹವಾಸ ತಾನಾಗಿ ಬಂದುದಲ್ಲ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆಗಳನ್ನು ಕೊಡುವ ಅರವಟ್ಟಿಗೆಗೆ ಸಂಸ್ಕೃತದಲ್ಲಿ ಪ್ರಪೆಯೆಂದು ಹೆಸರು. ಅದನ್ನಿಡುವುದು ಪುಣ್ಯಕಾರ್ಯವೆನಿಸಿತ್ತು. ಆದರೂ ಅಲ್ಲಿ ಕೆಲವರ ಕೈಗೆ ಪಾತ್ರೆಯನ್ನೇ ಕೊಟ್ಟು, ಕೆಲವರ ಬೊಗಸೆಗೆ ಮೇಲಿನಿಂದ ನೀರು ಸುರಿಯುವ ವಾಡಿಕೆಯಿತ್ತು. ಕಾಫಿ ಬಂದಾಗ ಈ ವಾಡಿಕೆ ಬಿಡಬಹುದಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರೇಬಿಯದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ಐತಿಹ್ಯ. ಹೀಗೆ ಈಚೆಗೆ ಬಂದ ಪದಾರ್ಥಕ್ಕೆ ನಮ್ಮ ಪ್ರಾಚೀನ ಶಾಸ್ತ್ರಗಳಲ್ಲಿ ವಿಧಿಯೂ ಇಲ್ಲ, ನಿಷೇಧವೂ ಇಲ್ಲ. ಆದರೂ ಹಳೆಯ ಮಡಿ ಅದಕ್ಕೂ ಅಂಟಿಕೊಂಡಿತು. ಹೋಟೆಲುಗಳಲ್ಲಿ ಜಾತಿಗೊಂದು ಕೋಣೆಯಾಯಿತು. ದಲಿತರಿಗೆ ಬೇರೆ ಲೋಟವನ್ನಿಟ್ಟು, ಕುಡಿದ ಮೇಲೆ ಅದನ್ನು ಅವರೇ ತೊಳೆದಿಡಬೇಕೆಂದಾಯಿತು.

1950ರಲ್ಲಿ ಜಾರಿಗೆ ಬಂದ ಸಂವಿಧಾನವು 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 15ನೆಯ ವಿಧಿಯಲ್ಲಿ ಅಂಗಡಿ ಹೋಟೆಲುಗಳ ಪ್ರವೇಶವನ್ನು ಎಲ್ಲರಿಗೂ ತೆರೆಯಿತು. 1955ರ ಕಾಯಿದೆಯಂತೂ ಹೋಟೆಲಿನ ಪಾತ್ರೆಗಳನ್ನೇ ಹೆಸರಿಸಿ ಹೇಳಿದೆ: ಸಾರ್ವಜನಿಕರ ಉಪಯೋಗಕ್ಕಾಗಿ ಇಟ್ಟ ಪಾತ್ರೆಯನ್ನು ಅಸ್ಪೃಶ್ಯತೆಯ ಕಾರಣದಿಂದ ಒಬ್ಬನಿಗೆ ನಿರಾಕರಿಸಿದರೆ ಒಂದು ತಿಂಗಳಿಗೆ ಕಡಮೆಯಿಲ್ಲದ, ಆರು ತಿಂಗಳಿಗೆ ಮೀರದ ಕಾರಾಗೃಹವಾಸ ಮತ್ತು ಜುಲ್ಮಾನೆ. ಇಷ್ಟಾದರೂ ನಾಡಿನ ಕೆಲವು ಹಳ್ಳಿಗಳಲ್ಲಿ ಎರಡು ಲೋಟದ ಪದ್ಧತಿ ಉಳಿದಿದೆಯೆಂಬ ವರದಿಗಳು ಕಾಲಕಾಲಕ್ಕೆ ಬರುತ್ತಲೇ ಇವೆ. ಈಗ ಕಾಗದದ ಲೋಟ ಬಂದಿದೆ. ಎಲ್ಲರಿಗೂ ಅದನ್ನೇ ಕೊಟ್ಟರೆ ಆಕ್ಷೇಪವಿಲ್ಲ. ಕೆಲವರಿಗೆ ಸ್ಟೀಲು, ಕೆಲವರಿಗೆ ಕಾಗದ ಎಂದಾದರೆ ಹಳೆಯ ಪದ್ಧತಿಯೇ ಹೊಸ ವೇಷದಲ್ಲಿ ಬಂದಿದೆಯೆಂದು ತಿಳಿಯತಕ್ಕದ್ದು.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರ ಜಾತಿಯನ್ನು ಗುಂಡು ಕೇಳಲಿಲ್ಲ. ಹಾಗೆ ಪಡೆದ ಸ್ವಾತಂತ್ರ್ಯದಲ್ಲಿ ಕಾಫಿಯ ಲೋಟವು ಜಾತಿಯನ್ನು ಕೇಳುವುದು ನಮಗೆ ಶೋಭಿಸುವುದಿಲ್ಲ.

ಅಂಗಡಿಯವನನ್ನು ಆಕ್ಷೇಪಿಸುವುದು ಸುಲಭ. ಆದರೆ ನಮ್ಮ ಮನೆಯ ಅಡಿಗೆಮನೆಯನ್ನೂ ನೋಡಿಕೊಳ್ಳಬೇಕು. ಪಾತ್ರೆ ತೊಳೆಯುವ ಹೆಂಗಸಿಗೆ, ತೋಟದ ಆಳಿಗೆ ಕಾಫಿ ಕೊಡುವ ಲೋಟ ಎಲ್ಲಿರುವುದು? ಕಪಾಟಿನಲ್ಲಿ ಮಿಕ್ಕ ಲೋಟಗಳ ಜೊತೆಯಲ್ಲಿಯೋ, ಹಿತ್ತಲ ಕಿಟಕಿಯ ಮೇಲೆ ಒಂಟಿಯಾಗಿಯೋ? ನಾವು ಮುಸುರೆಯನ್ನು ತೊಳೆಯಲು ಕೊಡುವ ಕೈಗೆ, ಅದೇ ಕೈ ತೊಳೆದ ಲೋಟದಲ್ಲಿ ಕಾಫಿ ಕೊಡಲು ಹಿಂಜರಿಯುವುದು ಯಾವ ಶಾಸ್ತ್ರ? ಮಕ್ಕಳು ಇದನ್ನು ದಿನವೂ ನೋಡುತ್ತಿರುವರು. ಸಮತೆಯ ಪಾಠವನ್ನು ಶಾಲೆಯಲ್ಲಿ ಎಷ್ಟು ಹೇಳಿದರೂ, ಮನೆಯಲ್ಲಿ ಕಂಡದ್ದೇ ಅವರಲ್ಲಿ ನಿಲ್ಲುವುದು.

ಆದುದರಿಂದ ಗೃಹಸ್ಥನು ಬಿಡುವಾದಾಗ ಬೀದಿಯ ಅಂಗಡಿಗೆ ಹೋಗಲಿ, ಮನೆಯಾಕೆಯನ್ನೂ ಮಕ್ಕಳನ್ನೂ ಕರೆದುಕೊಂಡೇ ಹೋಗಲಿ. ಒಂದೇ ಬಗೆಯ ಲೋಟದಲ್ಲಿ ಎಲ್ಲರಿಗೂ ಕೊಡುವ ಅಂಗಡಿಯನ್ನು ಆರಿಸಿಕೊಂಡು, ಯಾರ ಪಕ್ಕದಲ್ಲಿ ಜಾಗವಿದೆಯೋ ಅಲ್ಲಿ ಕುಳಿತುಕೊಳ್ಳಲಿ. ಮನೆಗೆ ಬಂದ ಮೇಲೆ ಆ ಕಿಟಕಿಯ ಲೋಟವನ್ನು ತೆಗೆದು ಕಪಾಟಿನಲ್ಲಿ ಸೇರಿಸಲಿ.