ಪಾದ್ರಿಗಳು ಒಲ್ಲದ ಸಂತ

ರೋಮಿನ ಸಾನ್ ಲುಯಿಜಿ ಫ್ರೆಂಚರ ಚರ್ಚು. ಅದರ ಕೊಂತಾರೆಲ್ಲಿ ಚಾಪೆಲ್‌ನಲ್ಲಿ ಕಾರವಾಜ್ಜೊ ಬರೆದ ಸಂತ ಮತ್ತಾಯನ ಮೂರು ಚಿತ್ರಗಳಿವೆ. ಬಲಿಪೀಠದ ಮೇಲಿನದು ಬದಲಿ ಚಿತ್ರ. ನನಗೆ ಬೇಕಾದದ್ದು ಅದಕ್ಕೂ ಮೊದಲು ಬಂದು, ಬೇಡವೆನಿಸಿಕೊಂಡು ಹೊರಟುಹೋದದ್ದು.

ಚಾಪೆಲ್‌ಗೆ ದುಡ್ಡಿಟ್ಟ ಫ್ರೆಂಚ್ ಕಾರ್ಡಿನಲ್ ಮಾತ್ಯೂ ಕ್ವಾಂತ್ರೆಲ್ 1585ರಲ್ಲೇ ತೀರಿಕೊಂಡಿದ್ದ. ಆಮೇಲಿನದು ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರದಂಥದೇ ಕಥೆ. ಒಬ್ಬ ಕಲಾವಿದ ಚಾವಣಿಗೆ ಚಿತ್ರ ಬರೆದು ಗೋಡೆಗಳನ್ನು ಹಾಗೇ ಬಿಟ್ಟ. ಶಿಲ್ಪಿ ಕೋಬಾರ್ಟ್ ವರ್ಷಗಟ್ಟಲೆ ಕೆತ್ತಿ 1602ರಲ್ಲಿ ಮತ್ತಾಯನ ಮೂರ್ತಿ ತಂದಿಟ್ಟರೆ, ಪಕ್ಕದಲ್ಲಿರಬೇಕಾದ ದೇವದೂತನೇ ಇಲ್ಲ! ಮೂರ್ತಿ ವಾಪಸಾಯಿತು. ಪಕ್ಕದ ಗೋಡೆಗಳ ಚಿತ್ರಗಳನ್ನು ಆಗಲೇ ಮುಗಿಸಿದ್ದ ಕಾರವಾಜ್ಜೊಗೆ ಆ ಜಾಗವೂ ಒಲಿಯಿತು.

ಅವನು ಬರೆದದ್ದು ಬೋಳುತಲೆಯ, ದಪ್ಪ ಮೈಯ ಮುದುಕನನ್ನು. ತೊಡೆಯ ಮೇಲೆ ಪುಸ್ತಕ, ಅದರಲ್ಲಿ ಹೀಬ್ರೂ ಅಕ್ಷರ. ಸುವಾರ್ತೆ ಬರೆಯಬೇಕಾದವನು ಓಲೆಗೆ ಹೆಬ್ಬೆಟ್ಟು ಒತ್ತುವವನ ಹಾಗೆ ಹುಬ್ಬೇರಿಸಿ ಕೂತಿದ್ದಾನೆ; ಎಳೆಯ ದೇವದೂತ ಅವನ ಕೈಹಿಡಿದು ತಿದ್ದಿಸುತ್ತಿದ್ದಾನೆ. ಕಾಲಮೇಲೆ ಕಾಲು ಹಾಕಿದ್ದರಿಂದ ಒಂದು ಪಾದ ನೋಡುವವರ ಕಡೆಗೇ ಚಾಚಿದೆ. ಬಲಿಪೂಜೆಯಲ್ಲಿ ಪಾದ್ರಿ ಪ್ರಸಾದವನ್ನು ಮೇಲೆತ್ತಿದಾಗ ಅದರ ಹಿಂದೆ ಕಾಣುತ್ತಿದ್ದದ್ದು ಈ ಪಾದ.

ಸಂತರ ಚಿತ್ರಗಳಲ್ಲಿ ಅಸಭ್ಯವಾದದ್ದು ಏನೂ ಇರಕೂಡದೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ಅಪ್ಪಣೆ ಮಾಡಿತ್ತು. ಇವನಿಗೆ ಸಂತನ ಕಳೆಯೂ ಇಲ್ಲ, ಗಾಂಭೀರ್ಯವೂ ಇಲ್ಲ ಎಂದು ಪಾದ್ರಿಗಳು ಚಿತ್ರ ಇಳಿಸಿದರೆಂದು ಕಲಾವಿದರ ಚರಿತ್ರೆಕಾರ ಬೆಲ್ಲೋರಿ 1672ರಲ್ಲಿ ಬರೆದ. ಎಪ್ಪತ್ತು ವರ್ಷ ಕಳೆದ ಮೇಲೆ ಬರೆದಿಟ್ಟ ಈ ಜಗಳವನ್ನು ಕೆಲವು ವಿದ್ವಾಂಸರು ನಂಬುವುದಿಲ್ಲ. ನಾನು ನಂಬುತ್ತೇನೆ, ಆ ಪಾದ ನೋಡಿದರೆ ನಂಬದಿರುವುದು ಕಷ್ಟ. ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯನಿಗೆ ಇನ್ನೆಂಥ ಕಳೆ ಬೇಕಿತ್ತೋ!

ಕಾರವಾಜ್ಜೊ 1602ರಲ್ಲೇ ಇನ್ನೊಂದು ಬರೆದುಕೊಟ್ಟ. ಇದರಲ್ಲಿ ಮುದುಕನಿಗೆ ಕೆಂಪು ವಸ್ತ್ರ, ತಲೆಯ ಸುತ್ತ ತೆಳ್ಳನೆಯ ಪ್ರಭೆ. ದೇವದೂತ ಮುಟ್ಟುವುದಿಲ್ಲ, ಮೇಲಿನಿಂದ ಬೆರಳೆಣಿಸುತ್ತ ಹೇಳಿಕೊಡುತ್ತಾನೆ. ಚೆನ್ನಾಗಿದೆ, ಒಪ್ಪವಾಗಿದೆ. ಕೈಹಿಡಿದು ತಿದ್ದಿಸುವ ಆ ಅಕ್ಕರೆ ಮಾತ್ರ ಹೋಯಿತು.

ತಿರಸ್ಕೃತ ಚಿತ್ರವನ್ನು ಶ್ರೀಮಂತ ವಿನ್ಚೆಂಜೊ ಜುಸ್ತಿನಿಯಾನಿ ಕೊಂಡ. ಅವನ ಮನೆತನದ ಸಂಗ್ರಹ 1815ರಲ್ಲಿ ಪ್ರಷ್ಯದ ಅರಸನ ಪಾಲಾಗಿ ಚಿತ್ರ ಬರ್ಲಿನ್ ಸೇರಿತು. ಎರಡನೇ ಮಹಾಯುದ್ಧದಲ್ಲಿ ಕಾಪಾಡಲೆಂದು ಫ್ರೀಡ್ರಿಶ್‌ಹೈನ್‌ನ ಕಾಂಕ್ರೀಟ್ ಗೋಪುರದಲ್ಲಿಟ್ಟರು. 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯುತ್ತಿದ್ದಂತೆ, ಆ ಗೋಪುರಕ್ಕೇ ಬೆಂಕಿ ಬಿತ್ತು; ನಾನೂರಕ್ಕೂ ಹೆಚ್ಚು ಚಿತ್ರಗಳು ಹೋದವು. ಈಗಿರುವುದು ಕಪ್ಪು-ಬಿಳುಪು ಫೋಟೊ ಮಾತ್ರ. ಬಣ್ಣ ತುಂಬಿದ ಪ್ರತಿಗಳೆಲ್ಲ ಊಹೆ.

ಕಾರವಾಜ್ಜೊ ಪಾಠ ಕಲಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಅಲ್ಲೇ ಹತ್ತಿರದ ಸಾಂತ್ ಅಗೊಸ್ತೀನೊ ಚರ್ಚಿಗೆ ಲೊರೇತೊದ ಮಾತೆಯನ್ನು ಬರೆದ. ಮೊಣಕಾಲೂರಿದ ಯಾತ್ರಿಕನ ಮಣ್ಣಾದ ಅಂಗಾಲು ಭಕ್ತರ ಮುಖಕ್ಕೇ ಕಾಣುತ್ತದೆ. ಜನ ಗಲಾಟೆಯನ್ನೇನೋ ಮಾಡಿದರು, ಆದರೆ ಚಿತ್ರ ಇಂದಿಗೂ ಅಲ್ಲೇ ಇದೆ. ಕೊಳೆಯಾದದ್ದು ಯಾತ್ರಿಕನ ಕಾಲು ತಾನೆ, ಸಂತನದಲ್ಲವಲ್ಲ.