ಅಂಬಲಿ ಗಡಿಗೆಯೂ ಬಿಯರ್ ಪೀಪಾಯಿಯೂ

“ಅವ್ವಾ, ಬೆಂಗಳೂರಾಗ ಕಾಫಿ ಬಿಯರ್ ಸಿಗತೈತಿ, ಮಾವಿನಹಣ್ಣಿನ ಬಿಯರ್ ಸಿಗತೈತಿ. ಹುಳಿ ಬಿಯರೂ ಐತಿ!” ಹೀಗೆಂದು ಬೆಂಗಳೂರಿನಲ್ಲಿ ನೌಕರಿಗಿರುವ ಮಗ ರಜೆಗೆ ಬಂದಾಗ ಹೇಳಿದರೆ, ವಿಜಯಪುರದ ಸೊಲ್ಲಾಪುರ ರಸ್ತೆಯ ತಾಯಿ ಏನೆಂದಾಳು? “ಹುಳಿ ಹಿಡಿದದ್ದನ್ನ ನಾವು ಎಮ್ಮಿ ಮುಂದ ಇಡ್ತೀವಿ. ಅದಕ್ಕ ರೊಕ್ಕ ಕೊಟ್ಟು ಕುಡೀತಾರೇನ?” ಎನ್ನದೆ ಇರಲಾರಳು.

ಆದರೆ ಸೋದರಿಯರೇ, ಮಕ್ಕಳು ದೂರದ ಊರಿನಲ್ಲಿರುವಾಗ ಅಲ್ಲಿನ ಹೊಸ ಪಾನೀಯಗಳಲ್ಲಿ ಏನಿದೆ ಎಂಬುದನ್ನು ಮನೆಯಾಕೆ ತಿಳಿದಿರುವುದು ಮೇಲು. ತಿಳಿಯುತ್ತಾ ಹೋದರೆ ನಮ್ಮ ಅಡಿಗೆಮನೆಯ ವಿದ್ಯೆಯೇ ಅಲ್ಲಿ ಬೇರೆ ವೇಷ ತೊಟ್ಟಿರುವುದು ಕಾಣುತ್ತದೆ.

ಬೆಂಗಳೂರಿಗೆ ಬಿಯರ್ ಹೊಸದೇನಲ್ಲ. ದಕ್ಷಿಣದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಥಾಮಸ್ ಲೀಶ್‌ಮನ್ ಎಂಬಾತ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಆದರೆ ಹೋಟೆಲಿನೊಳಗೇ ತಾಮ್ರ, ಉಕ್ಕಿನ ಹಂಡೆಗಳನ್ನಿಟ್ಟು, ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಪುಟ್ಟ ತಯಾರಿಕಾ ಘಟಕಗಳು ಹುಟ್ಟಿಕೊಂಡದ್ದು 2010ರ ಈಚೆಗೆ. ದೊಡ್ಡ ಕಾರ್ಖಾನೆಗೆ ಎಲ್ಲ ಬಾಟಲಿಯೂ ಒಂದೇ ರುಚಿ ಇರಬೇಕು. ಈ ಸಣ್ಣವರಿಗೆ ಹಾಗಲ್ಲ, ಬೇಸಿಗೆಗೆ ಮಾವು, ಇನ್ನೊಮ್ಮೆ ಕೋಕಂ, ಮತ್ತೊಮ್ಮೆ ಕೊಡಗು-ಚಿಕ್ಕಮಗಳೂರಿನ ಕಾಫಿ. ದಿನಕ್ಕೊಂದು ಪ್ರಯೋಗ!

ಕಪ್ಪು ಬಣ್ಣದ ಗುಟ್ಟು

‘ಸ್ಟೌಟ್’ ಎಂಬುದು ಕಪ್ಪು ಬಿಯರ್. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟ್. ಕೂಸಿಗೆ ನಾವು ಕೊಡುವ ರಾಗಿ ಮಾಲ್ಟಿನ ‘ಮಾಲ್ಟ್’ ಇದೇ! ಮೊಳಕೆಯೊಡೆದಾಗ ಕಾಳಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಏಳುತ್ತವೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ನೊರೆಯೆಬ್ಬಿಸುವ ಅನಿಲವನ್ನೂ ಬಿಡುತ್ತದೆ.

ಸ್ಟೌಟಿಗೆ ಬಾರ್ಲಿಯ ಒಂದು ಪಾಲನ್ನು ಕಾಫಿ ಬೀಜದಂತೆ ಕಪ್ಪಗೆ ಹುರಿಯುತ್ತಾರೆ. ಕಾಫಿ ಹಾಕದಿದ್ದರೂ ಕಾಫಿಯ ಕಹಿ, ಚಾಕೊಲೇಟಿನ ಘಮ ಬರುವುದು ಅದರಿಂದಲೇ. ಅದರ ಮೇಲೆ ನಿಜವಾದ ಕಾಫಿ, ಕೋಕೋ, ಕೊಬ್ಬರಿ ಸೇರಿಸುವುದು ಈಗಿನವರ ಹುಮ್ಮಸ್ಸು. 1759ರಲ್ಲಿ ಡಬ್ಲಿನ್ನಿನಲ್ಲಿ ಆರಂಭವಾದ ಗಿನ್ನೆಸ್ ಈ ಕಪ್ಪು ಬಿಯರಿನಿಂದಲೇ ಲೋಕಪ್ರಸಿದ್ಧ. 1988ರಲ್ಲಿ ನೈಜೀರಿಯಾ ದೇಶ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ಕಾರ್ಖಾನೆಗಳು ಯಾವ ಧಾನ್ಯದ ಮೊರೆ ಹೋದವು ಗೊತ್ತೇ? ನಮ್ಮ ಜೋಳದ!

ಹುಳಿಯ ಬಂಧುಗಳು

ಇನ್ನು ಹುಳಿ ಬಿಯರ್. ಹಾಲಿಗೆ ಹೆಪ್ಪು ಹಾಕಿದಾಗ ಮೊಸರು ಮಾಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಬಳಗವೇ ಇಲ್ಲಿಯೂ ಕೆಲಸ ಮಾಡುವುದು. ಬೆಲ್ಜಿಯಂನ ಬ್ರಸೆಲ್ಸ್ ಬಳಿ ‘ಲ್ಯಾಂಬಿಕ್’ ಮಾಡುವವರು ಹೆಪ್ಪನ್ನೇ ಹಾಕುವುದಿಲ್ಲ. ಕುದಿಸಿದ ರಸವನ್ನು ಅಗಲವಾದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟು, ಗಾಳಿಯಲ್ಲಿದ್ದುದು ಬಂದು ಕೂರಲಿ ಎಂದು ಬಿಡುತ್ತಾರೆ. ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕಾಯುತ್ತಾರೆ. ಹುಳಿ ಚೆರ್ರಿ ಹಾಕಿದರೆ ಅದು ‘ಕ್ರೀಕ್’. ಜರ್ಮನಿಯ ‘ಗೋಸೆ’ಗೆ ಹಾಕುವುದು ಉಪ್ಪು ಮತ್ತು ಕೊತ್ತಂಬರಿ ಬೀಜ. ನಮ್ಮ ಮಸಾಲೆ ಮಜ್ಜಿಗೆಯ ನೆನಪಾಗುವುದಿಲ್ಲವೇ?

ಈಗಿನ ಸಣ್ಣ ಘಟಕಗಳಿಗೆ ಅಷ್ಟು ಕಾಯುವ ವ್ಯವಧಾನವೆಲ್ಲಿ? ಹಂಡೆಯ ರಸವನ್ನು ಬೆಚ್ಚಗಿಟ್ಟು, ಒಂದೆರಡು ದಿನ ಹುಳಿ ಬರಿಸಿ, ಕುದಿಸಿ, ಆಮೇಲೆ ಯೀಸ್ಟ್ ಬಿಡುತ್ತಾರೆ. ರಾತ್ರಿ ಹುಳಿ ಬರಿಸಿ ಬೆಳಿಗ್ಗೆ ಕುದಿಸುವ ನಮ್ಮ ಅಂಬಲಿಯ ಕ್ರಮವೂ ಇದೇ ತಾನೇ? ಒಂದೇ ವ್ಯತ್ಯಾಸ, ನಾವು ಕುದಿಸಿದಲ್ಲಿಗೆ ನಿಲ್ಲಿಸುತ್ತೇವೆ. ಆದ್ದರಿಂದ ಅಂಬಲಿ ಹೊಟ್ಟೆ ತಂಪು ಮಾಡುತ್ತದೆ, ತಲೆ ತಿರುಗಿಸುವುದಿಲ್ಲ.

ಈ ಹದ ಬಲ್ಲವರು ಹಲವೆಡೆ ಹೆಂಗಸರೇ ಆಗಿದ್ದರು. ಪ್ರಾಚೀನ ಸುಮೇರಿಯಾದಲ್ಲಿ ಬಿಯರಿನ ಅಧಿದೇವತೆ ನಿಂಕಾಸಿ ಎಂಬ ಹೆಣ್ಣುದೇವತೆ. ದಕ್ಷಿಣ ಆಫ್ರಿಕದಲ್ಲಿ ಮೆಕ್ಕೆಜೋಳ, ಜೋಳಗಳಿಂದ ‘ಉಮ್ಕೊಂಬೋತಿ’ ಮಾಡುವವರು ಪರಂಪರೆಯಿಂದ ಹೆಂಗಸರು. ಕೆಲಸ ದೊಡ್ಡ ವ್ಯಾಪಾರವಾದಾಗ ಮಾತ್ರ ಯುರೋಪಿನಲ್ಲಿ ಅದು ಗಂಡಸರ ಕೈ ಸೇರಿತು.

ರುಚಿಯ ಹಿಂದಿನ ಲೆಕ್ಕ

ಹಾಗೆಂದು ಹಾಡಿ ಹೊಗಳಿ ಮುಗಿಸಬೇಕೇ? ಕುಡಿತದಿಂದ ಮನೆ ಹಾಳಾದುದನ್ನು ಕಂಡವರಿಗೆ ಇದು ಬರೀ ರುಚಿಯ ಮಾತಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೂ ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಹಳ್ಳಿಯ ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು.

ಹಣ್ಣಿನ ಹೆಸರು, ಕಾಫಿಯ ಘಮ ಇವೆಲ್ಲ ಹೊಸಬರನ್ನು ಮರುಳು ಮಾಡುತ್ತವೆ. “ಬಿಯರ್ ಅಷ್ಟೇ ಅಲ್ಲವೇ” ಎಂಬ ಮಾತಿಗೆ ಮೋಸಹೋಗಬೇಡಿ. ಸಾಮಾನ್ಯ ಬಿಯರಿನಲ್ಲಿ ಆಲ್ಕೋಹಾಲ್ ಸುಮಾರು ಶೇ. 5. ‘ಇಂಪೀರಿಯಲ್’ ಎಂಬ ಗಟ್ಟಿ ಸ್ಟೌಟುಗಳಲ್ಲಿ ಶೇ. 8ರಿಂದ 12. ಶೇ. 10ರ ಅರ್ಧ ಲೀಟರ್ ಕುಡಿದರೆ ಒಳಗೆ ಹೋಗುವುದು 50 ಮಿ.ಲೀ. ಅಪ್ಪಟ ಆಲ್ಕೋಹಾಲ್. ಅಂದರೆ 60 ಮಿ.ಲೀ.ನ ಎರಡು ಪೆಗ್ ವಿಸ್ಕಿಗೆ ಸಮ! ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗರ್ಭಿಣಿಯರಿಗಂತೂ ಒಂದು ಗುಟುಕೂ ಸಲ್ಲದು. ಸ್ತನ ಕ್ಯಾನ್ಸರಿನ ಅಪಾಯವೂ ಕುಡಿತದೊಂದಿಗೆ ಏರುತ್ತದೆ. ಬೆಳೆದ ಮಕ್ಕಳನ್ನು ಗದರಿಸಿದರೆ ಅವರು ಮುಚ್ಚಿಡಲು ಕಲಿಯುತ್ತಾರೆ. ಈ ಲೆಕ್ಕವನ್ನು ಕೂರಿಸಿಕೊಂಡು ಹೇಳಿ, ಕುಡಿದು ಗಾಡಿ ಓಡಿಸಬಾರದೆಂದು ಮಾತು ತೆಗೆದುಕೊಳ್ಳಿ. ಮನೆಯಲ್ಲಿ ಬಿಯರ್ ಮಾಡುವ ಪ್ರಯೋಗಕ್ಕೆ ಮಾತ್ರ ಯಾರೂ ಕೈಹಾಕಬಾರದು, ಪರವಾನಗಿ ಇಲ್ಲದೆ ಅದು ಅಪರಾಧ.

ಹುಳಿ, ಹುರಿದ ಘಮ ಎರಡೂ ಬೇಕೆನ್ನುವವರಿಗೆ ನಮ್ಮಲ್ಲಿ ಬೇರೆ ದಾರಿ ಇದೆ. ತಿಕೋಟಾ, ಬಬಲೇಶ್ವರದ ಮನೆಗಳಲ್ಲಿ ಬಿಳಿಜೋಳಕ್ಕೇನು ಬರ?

ಹುರಿದ ಜೋಳದ ಅಂಬಲಿ (ನಾಲ್ವರಿಗೆ)

ಬೇಕಾಗುವವು: ಜೋಳದ ಹಿಟ್ಟು ಅರ್ಧ ಬಟ್ಟಲು, ಹುಳಿ ಮಜ್ಜಿಗೆ 1 ಬಟ್ಟಲು, ನೀರು 4 ಬಟ್ಟಲು, ತಾಜಾ ಮಜ್ಜಿಗೆ 2 ಬಟ್ಟಲು, ಬೆಳ್ಳುಳ್ಳಿ 4 ಎಸಳು, ಜೀರಿಗೆ 1 ಚಮಚ, ಹಸಿಮೆಣಸಿನಕಾಯಿ 1, ಉಳ್ಳಾಗಡ್ಡಿ, ಕೊತ್ತಂಬರಿ ಸೊಪ್ಪು, ಉಪ್ಪು.

ವಿಧಾನ: ಹಿಟ್ಟಿನಲ್ಲಿ 2 ಚಮಚ ತೆಗೆದಿಡಿ. ಉಳಿದದ್ದನ್ನು ಹುಳಿ ಮಜ್ಜಿಗೆಯಲ್ಲಿ ಗಂಟಿಲ್ಲದಂತೆ ಕಲಸಿ, ರಾತ್ರಿ ಮುಚ್ಚಿಡಿ. ಬೆಳಿಗ್ಗೆ, ತೆಗೆದಿಟ್ಟ ಹಿಟ್ಟನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ಅದಕ್ಕೆ ಕಲಸಿ. ಉಪ್ಪು ಹಾಕಿದ ನೀರು ಕುದಿಯುತ್ತಲೇ ಇದನ್ನು ಸುರಿದು, ಕೈಬಿಡದೆ ತಿರುವುತ್ತಾ 10 ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆ ತಾಜಾ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ-ಜೀರಿಗೆ-ಮೆಣಸಿನಕಾಯಿ ಬೆರೆಸಿ, ಉಳ್ಳಾಗಡ್ಡಿ, ಕೊತ್ತಂಬರಿ ಉದುರಿಸಿ.

ಸೂಚನೆ: ನಮ್ಮ ಕಡೆಯ ಬಿರುಬೇಸಿಗೆಯಲ್ಲಿ ಹುಳಿ ಬೇಗ ಏರುತ್ತದೆ, ಐದಾರು ತಾಸು ಸಾಕು. ಚಳಿಗಾಲದಲ್ಲಿ ಗಡಿಗೆಯನ್ನು ಒಲೆಯ ಪಕ್ಕ ಬೆಚ್ಚಗಿಡಿ. ಕೆಟ್ಟ ವಾಸನೆ ಬಂದರೆ, ಬೂಸ್ಟು ಕಂಡರೆ ಚೆಲ್ಲಿಬಿಡಿ. ಮಜ್ಜಿಗೆ ಬೆರೆಸಿದ ಅಂಬಲಿಯನ್ನು ಅಂದೇ ಕುಡಿದು ಮುಗಿಸಿ.